ಸುಣ್ಣದ ಹೊಂಡದ ಪಕ್ಕದ ಗೂಟ

ನಮ್ಮ ಅತ್ತೆ ಮನುಷ್ಯರೊಡನೆ ಆಡುತ್ತಿದ್ದ ಮಾತು ಕಡಿಮೆ, ನಾಯಿಯೊಡನೆ ಹೆಚ್ಚು. ಸೇಡಂ ಕಡೆಯ ಆಡಕಿಯಿಂದ ನಾನು ಶಹಾಬಾದಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಇದು ನನಗೆ ವಿಚಿತ್ರವಾಗಿ ಕಂಡಿತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹೊರಬಂದರೆ ಅವರ ಬಾಯಿಂದ ಮೊದಲು ಬರುತ್ತಿದ್ದ ಮಾತು, "ಎಲ್ಲಿ ಹೋಗಿದ್ದಿ, ಬಾ ಇಲ್ಲಿ," ಎಂದು. ಅದು ನನಗಲ್ಲ, ಹಿತ್ತಿಲ ಬಾಗಿಲಲ್ಲಿ ಬಾಲ ಅಲ್ಲಾಡಿಸುತ್ತ ನಿಂತ ಕೆಂದುಬಣ್ಣದ ಹೆಣ್ಣುನಾಯಿಗೆ. ಮಾವ ತೀರಿಹೋದ ವರ್ಷ ಅದು ಎಲ್ಲಿಂದಲೋ ಬಂದು ಸೇರಿತ್ತಂತೆ.

ಸುಣ್ಣ ಸುಡುವುದು ನಮ್ಮ ಮನೆಯ ಕಸುಬು. ಗಣಿಗಳಲ್ಲಿ ನೆಲಹಾಸಿನ ಫರಸಿಗೆ ಬಾರದೆ ಒಡೆದುಬಿದ್ದ ಕಲ್ಲನ್ನು ನನ್ನ ಗಂಡ ಬಂಡಿಯಲ್ಲಿ ತರುತ್ತಿದ್ದರು. ಮನೆಯ ಹಿಂದೆ ಬಟ್ಟಿ. ಅದರ ಪಕ್ಕದಲ್ಲಿ, ಸುಟ್ಟ ಕಲ್ಲಿಗೆ ನೀರು ಹಾಕಿ ಅರಳಿಸುವ ಹೊಂಡ. ಬಟ್ಟಿಯ ಕಟ್ಟಿಗೆ ಚಿಂಚೋಳಿಯ ಕಾಡಿನ ಕಡೆಯಿಂದ ಬರುತ್ತಿತ್ತು. ಮನೆಯಲ್ಲಿದ್ದವರು ಅತ್ತೆ, ಗಂಡ, ನಾನು, ಆಮೇಲೆ ಹುಟ್ಟಿದ ಮಗಳು.

ಮಗಳಿಗೆ ಆರು ತಿಂಗಳು ತುಂಬಿದಾಗ ಸುಡುವ ಬೇಸಿಗೆ. ಆಗಲೇ ನಾಯಿ ಮೈ ಕೆರೆದುಕೊಳ್ಳಲು ಶುರುಮಾಡಿತು. ಕಿವಿಯ ಹಿಂದೆ, ಬಾಲದ ಬುಡದಲ್ಲಿ ಕೂದಲು ಉದುರಿತು. ಉಷ್ಣ ಎಂದರು ಅತ್ತೆ. ಉಪ್ಪು ಖಾರ ತಿಂದದ್ದಕ್ಕೆ ಎಂದಳು ಪಕ್ಕದ ಮನೆಯಾಕೆ. ನಾನು ಕಿವಿ ಮಡಿಚಿ ನೋಡಿದರೆ ಒಳಗೆ ಔಡಲ ಬೀಜದಂತೆ ಊದಿಕೊಂಡ ಉಣ್ಣಿಗಳು. ಎತ್ತುಗಳಿಂದ ಹತ್ತಿದ್ದವು. ತವರಿನಲ್ಲಿ ನೋಡಿದ್ದ ಕೆಲಸ. ಒಂದೊಂದನ್ನೇ ಕಿತ್ತು ಕುದಿಯುವ ನೀರಿಗೆ ಹಾಕಿದೆ. ನಾಲ್ಕೈದು ದಿನದಲ್ಲಿ ಕೆರೆತ ಕಡಿಮೆಯಾಯಿತು. ಅಲ್ಲಿಗೆ ಬಿಟ್ಟಿದ್ದರೆ ಸಾಕಿತ್ತು.

ಆದರೆ ಅದೇ ವಾರ ಕೂಸಿನ ಕುತ್ತಿಗೆಯ ಸುತ್ತ ಕೆಂಪು ಗುಳ್ಳೆಗಳು ಎದ್ದವು. ಅತ್ತೆ ಕೂಸನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನಾಯಿ ತುರಿ ಕೂಸಿಗಿ ಹತ್ಯದ. ಅದನ್ನ ದೂರ ಕಟ್ಟು," ಎಂದರು.

"ಉಣ್ಣಿ ಎಲ್ಲಾ ಕಿತ್ತೀನ್ರಿ ಅತ್ತಿ. ಈಗ ಆರಾಮ ಅದ."

"ಕಟ್ಟು ಅಂದೆ."

ಮಾತು ಮುಗಿಸಿ ಒಳಗೆ ಹೋದರು. ಹಗ್ಗ ತಂದು ಕಟ್ಟಿದವಳು ನಾನು. ಎಲ್ಲಿ ಕಟ್ಟಬೇಕೆಂದು ಅವರು ಹೇಳಿರಲಿಲ್ಲ. ಜಾಗ ಹುಡುಕಿದ್ದೂ ನಾನೇ. ಹೊಂಡದ ಪಕ್ಕದ ಬೇವಿನ ನೆರಳಲ್ಲಿ ಒಂದು ಗೂಟವಿತ್ತು. ಅಲ್ಲಿ ನೆಲ ಸದಾ ಹಸಿ, ಮುಟ್ಟಿದರೆ ತಂಪು. ಕಲ್ಲು ಸೀಳುವ ಆ ಬಿಸಿಲಲ್ಲಿ ಅದಕ್ಕಿಂತ ಒಳ್ಳೆಯ ಜಾಗ ನನಗೆ ತೋಚಲಿಲ್ಲ. ನಾಯಿಯೂ ಹೊಟ್ಟೆ ನೆಲಕ್ಕೆ ಚೆಲ್ಲಿ ಮಲಗಿತು. ಕೂಸಿನ ಗುಳ್ಳೆಗಳು ಬರೀ ಬೆವರುಸಾಲೆ. ಮೊದಲ ಮಳೆ ಬಿದ್ದ ಮೇಲೆ ತಾವೇ ಮಾಯವಾದವು.

ಅಷ್ಟರಲ್ಲಿ ನಾಯಿಯ ಹೊಟ್ಟೆ ಕೆಂಪಾಗಿತ್ತು. ಮೊದಲು ಕೆಂಪು, ಆಮೇಲೆ ಸಿಪ್ಪೆ ಸುಲಿದಂತೆ, ಆಮೇಲೆ ನೀರು ಒಸರುವ ಹಸಿಗಾಯ. ಬೆರಳುಗಳ ಸಂದಿಯಲ್ಲೂ ಅದೇ. ನೆಕ್ಕಿ ನೆಕ್ಕಿ ಅದರ ತುಟಿಯೂ ಒಡೆಯಿತು. ಬೇವಿನ ನೀರು ಹಾಕಿದೆವು, ಅರಿಶಿನ ಹಚ್ಚಿದೆವು, ತಂಬಾಕು ಕುದಿಸಿ ಸುರಿದೆವು. ತಂಬಾಕಿನ ನೀರು ಬಿದ್ದಾಗ ಅದು ಕೂಗಿದ ಕೂಗನ್ನು ಅತ್ತೆ ಕೇಳಲಾರದೆ ಒಳಗೆ ಹೋದರು. ದಿನವೂ ಔಷಧ ಹಚ್ಚಿ, ದಿನವೂ ಅದೇ ಗೂಟಕ್ಕೆ ಕಟ್ಟಿದೆ.

ನನ್ನ ಗಂಡನ ಗೆಳೆಯರೊಬ್ಬರು ವಾಡಿಯಲ್ಲಿ ರೈಲು ಎಂಜಿನ್ ಒರೆಸುವ ಕೆಲಸದಲ್ಲಿದ್ದರು. ಅವರು ಒಂದು ಡಬ್ಬಿಯಲ್ಲಿ ಎಂಜಿನ್ನಿನ ಕರೀ ಎಣ್ಣೆ ಕೊಟ್ಟು ಕಳಿಸಿದರು.

"ಅಲ್ಲಿ ರೇಲ್ವೆ ಮಂದಿ ಎಲ್ಲಾರೂ ಇದನ್ನೇ ಹಚ್ಚತಾರಂತ. ಮೂರು ದಿನದಾಗ ಹುಳ ಸಾಯ್ತಾವಂತ," ಎಂದರು ಗಂಡ.

ಅವರು ನಾಯಿಯ ಕಾಲು ಹಿಡಿದರು. ನಾನು ಅರಿವೆಯನ್ನು ಎಣ್ಣೆಯಲ್ಲಿ ಅದ್ದಿ ಕುತ್ತಿಗೆಯಿಂದ ಬಾಲದವರೆಗೂ, ಹೊಟ್ಟೆಯ ಗಾಯದ ಮೇಲೂ ಬಳಿದೆ. ನಾಯಿ ಒಂದೇ ಒಂದು ಸಲ ತುಟಿ ಎತ್ತಿ ಹಲ್ಲು ತೋರಿಸಿತು. ಆಮೇಲೆ ತಾನೇ ನಾಚಿದಂತೆ ಮುಖ ಆಚೆ ತಿರುಗಿಸಿತು. ನಾವು ಕೈ ತೊಳೆಯಲು ಹೋದೆವು. ಅದು ಮೈ ನೆಕ್ಕತೊಡಗಿತು.

ಮರುದಿನ ರೊಟ್ಟಿ ಮುಟ್ಟಲಿಲ್ಲ. ಕಪ್ಪಗೆ ವಾಂತಿ ಮಾಡಿತು. ಮೂರನೆಯ ದಿನ ಮಧ್ಯಾಹ್ನ ನಾನು ನೀರು ಕೊಡಲು ಹೋದಾಗ ಕಣ್ಣು ತೆರೆದೇ ಇದ್ದವು, ಉಸಿರಿರಲಿಲ್ಲ.

ಗಂಡ ಬೇವಿನ ಆಚೆಗೆ ತಗ್ಗು ತೋಡಿದರು. ಅತ್ತೆ ತಮ್ಮ ಹಳೆಯ ಸೀರೆ ತಂದು ಸುತ್ತಿದರು. ಎಣ್ಣೆ ಸೀರೆಗೆ ಇಳಿಯಿತು. ಮಣ್ಣು ಮುಚ್ಚಿದ ಮೇಲೆ ಅವರು ಯಾರಿಗೂ ಅಲ್ಲದಂತೆ ಹೇಳಿದರು, "ದೂರ ಕಟ್ಟು ಅಂದೆ ನಾ. ಅದು ಮನಸಿಗಿ ಹಚಗೊಂಡು ಸತ್ತದ." ಅಂದಿನಿಂದ ಅವರು ಮಜ್ಜಿಗೆ ಕುಡಿಯುವುದನ್ನು ಬಿಟ್ಟರು. ಅದು ನಾಯಿಗೆ ಪ್ರಿಯವಾಗಿತ್ತು. ಮೊದಲೇ ಕಡಿಮೆಯಿದ್ದ ಮಾತು ಇನ್ನೂ ಕಡಿಮೆಯಾಯಿತು.

ಮಳೆಗಾಲ ಕಳೆದ ಮೇಲೆ ಕಟ್ಟಿಗೆಯ ಬಂಡಿಯಲ್ಲಿ ಗಂಡ ಚಿಂಚೋಳಿಯಿಂದ ಒಂದು ಗಂಡು ನಾಯಿಮರಿ ತಂದರು, ತಮ್ಮ ತಾಯಿಯ ಮನಸ್ಸು ಹಗುರವಾದೀತೆಂದು. ಅತ್ತೆ ಅದರ ಕಡೆ ನೋಡಲಿಲ್ಲ. ಸಾಕಿದವಳು ನಾನು. ಹಗಲು ಕಟ್ಟಬೇಕೆಂದಾಗ ಅದೇ ಗೂಟಕ್ಕೆ ಕಟ್ಟಿದೆ. ಯೋಚಿಸಲೇ ಇಲ್ಲ. ಹತ್ತು ದಿನಕ್ಕೆ ಅದರ ಹೊಟ್ಟೆಯೂ ಕೆಂಪಾಯಿತು. ಮನೆಯಲ್ಲೇ ಆ ರೋಗ ಉಳಿದಿದೆ ಎಂದುಕೊಂಡೆ.

ಆ ದಿನಗಳಲ್ಲೇ ನಮ್ಮ ಎತ್ತುಗಳಿಗೆ ಕಾಲುಬಾಯಿ ಬೇನೆ ಬಂತು. ಸರ್ಕಾರದ ಸಲೋತ್ರಿ, ಅಂದರೆ ದನದ ಡಾಕ್ಟರು, ಚಿತ್ತಾಪುರದಿಂದ ಬಂದಿದ್ದಾರೆಂದು ತಿಳಿದು ಗಂಡ ಅವರನ್ನು ಕರೆತಂದರು. ವಯಸ್ಸಾದ ಮುಸಲ್ಮಾನರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಎತ್ತುಗಳನ್ನು ನೋಡಿ ಹೊರಡುವಾಗ ಅವರ ಕಣ್ಣು ಮರಿಯ ಮೇಲೆ ಬಿತ್ತು.

"ಇದಕ್ಕೇನಾಗ್ಯದ?"

"ತುರಿರೀ ಸಾಹೇಬರ. ಮೊದಲಿನ ನಾಯಿಗೂ ಇದೇ ಆಗಿತ್ತು," ಎಂದೆ.

ಅವರು ಮರಿಯನ್ನು ಅಂಗಾತ ಮಲಗಿಸಿ ನೋಡಿದರು, ಕಿವಿ ನೋಡಿದರು, ಬೆನ್ನಿನ ಕೂದಲನ್ನು ಹಿಂದಕ್ಕೆ ಸವರಿದರು. "ನಾಯಿ ಕೆರಕೊಂಡ್ರ ಎಲ್ಲಾರೂ ಖುಜಲಿ, ತುರಿ ಅಂತಾರ. ಉಣ್ಣಿ ಕಡದರೂ ಕೆರಕೋತದ, ಚಿಗಟ ಆದರೂ ಕೆರಕೋತದ, ಚರ್ಮದಾಗ ಹುಳ ಹೊಕ್ಕರೂ, ತಿಂದದ್ದು ಒಗ್ಗಲಿಲ್ಲಂದ್ರೂ. ಇದು ಅದ್ಯಾವುದೂ ಅಲ್ಲ. ಬೆನ್ನ ನೋಡ್ರಿ, ಕೂದಲ ಹಂಗೇ ಅದ. ನೆಲಕ್ಕ ಹತ್ತೋ ಜಾಗ ಅಷ್ಟೇ ಹೋಗ್ಯದ. ಎಲ್ಲಿ ಕಟ್ಟತೀರಿ?"

ನಾನು ಗೂಟ ತೋರಿಸಿದೆ. ಅವರು ಅಲ್ಲಿಗೆ ಹೋಗಿ ಒಂದು ಹಿಡಿ ಹಸಿಮಣ್ಣು ತೆಗೆದು ನನ್ನ ಗಂಡನ ಕೈಗೆ ಕೊಟ್ಟು, "ಮುಠ್ಠಿ ಕಟ್ಟಿ ಹಿಡ್ಕೊಂಡು ನಿಂದ್ರಿ," ಎಂದರು. ಸುಣ್ಣದಲ್ಲೇ ಬೆಳೆದು ದಡ್ಡುಗಟ್ಟಿದ ಕೈ. ಆದರೂ ಸ್ವಲ್ಪ ಹೊತ್ತಿಗೆ ಗಂಡ ಮಣ್ಣು ಚೆಲ್ಲಿ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡರು.

"ಉರೀತದ," ಎಂದರು.

"ಹೊಂಡದ ಸುಣ್ಣದ ನೀರು ಇಂಗ್ಯದ ಇದಕ್ಕ. ಮರಿ ಹಗಲೆಲ್ಲಾ ಇದರ ಮ್ಯಾಲೇ ಮಲಗ್ತದ," ಎಂದರು ಸಲೋತ್ರಿ. "ಜಾಗ ಬದಲ ಮಾಡ್ರಿ. ಬರೇ ನೀರಿಲೆ ತೊಳೀರಿ, ಕೊಬ್ಬರಿ ಎಣ್ಣಿ ಹಚ್ಚರಿ. ಮೊದಲಿನ ನಾಯಿಗೆ ಏನು ಹಚ್ಚಿದ್ರಿ?"

ಎಂಜಿನ್ ಎಣ್ಣೆ ಎಂದೆ. ಅವರು ಮೆಲ್ಲಗೆ, "ನೆಕ್ಕತಾವ ನೋಡ್ರಿ, ಅದು ಹೊಟ್ಟಿಗಿ ವಿಷ. ಭಾಳ ಮಂದಿ ಹಚ್ಚತಾರ, ಗೊತ್ತಿಲ್ಲದ," ಎಂದು ಚೀಲ ಎತ್ತಿಕೊಂಡರು.

ಮರಿ ಒಂದು ತಿಂಗಳಲ್ಲಿ ವಾಸಿಯಾಯಿತು.

"ಅವ್ವಗ ಹೇಳಬ್ಯಾಡ. ಸತ್ತದ್ದು ಸತ್ತದ," ಎಂದರು ಗಂಡ. ನಾನೂ ಕೆಲವು ದಿನ ಹೇಳಲಿಲ್ಲ. ಆದರೆ ಅವರು ದಿನವೂ ಒಣರೊಟ್ಟಿಯನ್ನು ಮಜ್ಜಿಗೆಯ ಬದಲು ನೀರಿನಲ್ಲಿ ಅದ್ದಿ ತಿನ್ನುವುದನ್ನು ಎದುರಿಗೆ ಕೂತು ನೋಡುವವಳು ನಾನು. ತಮ್ಮ ಒಂದು ಮಾತು ಅದನ್ನು ಕೊಂದಿತೆಂದು ಅವರು ನಂಬಿದ್ದರು. ಒಂದು ದಿನ ಅವರು ಜೋಳ ಹಸನು ಮಾಡುತ್ತಿದ್ದಾಗ ಎದುರು ಕೂತು ಎಲ್ಲ ಹೇಳಿದೆ: ಜಾಗ ನಾನು ಆರಿಸಿದ್ದು, ಸುಣ್ಣ ಸುಟ್ಟದ್ದು, ಎಣ್ಣೆ ಕೊಂದದ್ದು.

ಅವರು ಮೊರದಿಂದ ಕಣ್ಣೆತ್ತಲಿಲ್ಲ. ಕಲ್ಲು ಆರಿಸುತ್ತಲೇ ಕೇಳಿದರು, "ಭಾಳ ಉರಿತಿತ್ತೇನು ಅದಕ್ಕ?"

ಹೌದೆಂದೆ.

"ಹಗ್ಗ ಜಗ್ಗತಿತ್ತು," ಎಂದರು. "ನನ್ನ ಕಡಿ ಬರಾಕ ಜಗ್ಗತದ ಅಂತ ತಿಳಿದಿದ್ದೆ."

ಎಂಟು ದಿನ ಅವರು ನನ್ನ ಕೈಯ ಅಡಿಗೆ ಮುಟ್ಟಲಿಲ್ಲ. ತಾವೇ ಒಂದು ಮೂಲೆಯಲ್ಲಿ ನುಚ್ಚು ಬೇಯಿಸಿಕೊಂಡು ಉಂಡರು. ಒಂಬತ್ತನೆಯ ದಿನ ಬಂದು ನನ್ನ ಪಕ್ಕದಲ್ಲಿ ಕೂತು, "ಹಾಕು," ಎಂದು ತಾಟು ಮುಂದೆ ಸರಿಸಿದರು. ನಾನು ಹಾಕಿದೆ. ಕೂಸು ಅವರ ತೊಡೆಗೆ ಅಂಬೆಗಾಲಿಟ್ಟು ಹೋಯಿತು, ಅವರು ಎತ್ತಿಕೊಂಡರು. ಕ್ಷಮಿಸಿದರೆಂದು ನಾನು ಎಂದೂ ತಿಳಿದುಕೊಂಡಿಲ್ಲ. ಒಂದೇ ಸೂರಿನಡಿ ಇರಬೇಕಾದವರು, ಇದ್ದೆವು.