ಅಪ್ಪ ಹೊಡೆದ ಸಾವಿನ ಗಂಟೆ

ನನ್ನ ಅಪ್ಪ ಜರ್ವಿಸ್ ನಮ್ಮೂರ ಚರ್ಚಿನಲ್ಲಿ ಗಂಟೆ ಹೊಡೆಯುತ್ತಿದ್ದ. ಯಾರೇ ಸತ್ತರೂ ಗಂಡಸಿಗೆ ಒಂಬತ್ತು ಸಲ, ಹೆಂಗಸಿಗೆ ಆರು, ಆಮೇಲೆ ಸತ್ತವರ ವಯಸ್ಸಿನಷ್ಟು. ಹೊಲದಲ್ಲಿದ್ದವರು ಎಣಿಸಿಕೊಂಡೇ ಇಂಥವರು ಹೋದರು ಅನ್ನುತ್ತಿದ್ದರು. ಮೂವತ್ತು ವರ್ಷದಲ್ಲಿ ಒಂದು ಸಾವನ್ನೂ ಬಿಟ್ಟವನಲ್ಲ ಆ ಹಟಮಾರಿ.

ಸಾವಿರದ ಆರುನೂರ ನಲವತ್ತೊಂಬತ್ತರ ಫೆಬ್ರವರಿಯಲ್ಲಿ, ದೊರೆಯ ಮೇಲೆ ಯುದ್ಧ ಮಾಡಿ ಗೆದ್ದ ಪಾರ್ಲಿಮೆಂಟಿನವರು ಅವನ ತಲೆ ತೆಗೆಸಿದರೆಂಬ ಸುದ್ದಿ ಬಂತು. ಅವರ ದಂಡು ನಮ್ಮೂರಲ್ಲೇ ಬೀಡುಬಿಟ್ಟಿತ್ತು. ದೊರೆಗಾಗಿ ಅತ್ತವರನ್ನೂ ಎಳೆದೊಯ್ಯುತ್ತಾರೆಂದು ಜನ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಅಪ್ಪ ಮಾತ್ರ ಗಂಜಿಯ ಮುಂದೆ ಕೂತು, ದೊರೆಯೂ ಒಬ್ಬ ಗಂಡಸೇ ಅಲ್ಲವೇ ಎಂದು ಗೊಣಗಿದ. ಗಂಟೆ ಹೊಡೆಯಬೇಡವೆಂದು ಅಮ್ಮ ಗೋಗರೆದಳು.

ಮರುದಿನ ಬೆಳಿಗ್ಗೆ ಅಮ್ಮ ಹಿಟ್ಟು ನಾದುತ್ತಿದ್ದಾಗ ಗಂಟೆ ಶುರುವಾಯಿತು. ಒಂಬತ್ತು ಮುಗಿದು ನಿಂತಿತು. ಅಲ್ಲಿಗೇ ನಿಲ್ಲಲಿ ದೇವರೇ ಅಂದುಕೊಂಡೆವು. ಮತ್ತೆ ಶುರು. ಮೂವತ್ತು ದಾಟಿತು, ನಲವತ್ತು ದಾಟಿತು. ನಲವತ್ತೆಂಟಕ್ಕೆ ನಿಂತಿತು. ದೊರೆಯ ವಯಸ್ಸು ಯಾರಿಗೆ ಗೊತ್ತಿರಲಿಲ್ಲ?

ದಂಡಿನ ಕ್ಯಾಪ್ಟನ್ ಅಪ್ಪನನ್ನು ನಮ್ಮ ಬಾಗಿಲಿಗೇ ಎಳೆತಂದ. ಊರಲ್ಲಿ ಹೆಣವೇ ಇಲ್ಲ, ಯಾರಿಗೆ ಹೊಡೆದೆ ಎಂದು ಗದರಿದ.

"ನಮ್ಮಣ್ಣಂಗೆ ಸ್ವಾಮಿ," ಅಂದಳು ಅಮ್ಮ. "ಆಂಬ್ರೋಸ್ ಅಂತ. ಹೊಳೆಯಾಚೆ ಊರಲ್ಲಿ ಕುದುರೆ ಜೀನು ಹೊಲೀತಿದ್ದ. ನಿನ್ನೆ ಸುದ್ದಿ ಬಂತು."

"ವಯಸ್ಸು?"

"ನಲವತ್ತೆಂಟು."

ಅವನು ಹೆಸರು ಬರೆದುಕೊಂಡ. "ಸುಳ್ಳಾದ್ರೆ ನಿನ್ ಗಂಡ ನೇಣಿಗೆ," ಅಂದು ಹೋದ.

ಆಂಬ್ರೋಸ್ ಮಾವ ಗುಂಡುಕಲ್ಲಿನಂತಿದ್ದ. ಪ್ರತಿ ಸುಗ್ಗಿಗೂ ಹೆಬ್ಬಾತು ಹಿಡಿದು ಬರುತ್ತಿದ್ದವನಿಗೆ ಅಮ್ಮ ಅಂದೇ ಹೇಳಿಕಳಿಸಿದಳು: ಇತ್ತ ಕಾಲಿಡಬೇಡ, ಸುದ್ದಿಯನ್ನೂ ಕಳಿಸಬೇಡ. ಆಮೇಲೆ ಹನ್ನೊಂದು ವರ್ಷ, ಯಾರು ಬಾಗಿಲು ಬಡಿದರೂ ಅಮ್ಮನ ಮುಖ ಬಿಳಿಚಿಕೊಳ್ಳುತ್ತಿತ್ತು. ತಂಗಿಯ ಮೇಲಿನ ಆಸೆಗೆ ಮಾವ ಬಂದುಬಿಟ್ಟರೆ? ನಾನೂ ಆ ಹೆದರಿಕೆಯಲ್ಲೇ ಬೆಳೆದೆ.

ಕೊನೆಗೆ ಪಾರ್ಲಿಮೆಂಟೇ ದೊರೆಯ ಮಗನನ್ನು ಕರೆಸಿ ಸಿಂಹಾಸನದ ಮೇಲೆ ಕೂರಿಸಿತು. ಇಳಿಸಿದವರೂ ಅವರೇ, ಏರಿಸಿದವರೂ ಅವರೇ. ನಮ್ಮ ಹನ್ನೊಂದು ವರ್ಷಕ್ಕೆ ಯಾರನ್ನು ಬೈಯೋಣ? ಅಮ್ಮ ಅಣ್ಣನನ್ನು ಕರೆತರಲು ಹೊಳೆ ದಾಟಿ ಓಡಿದಳು. ಅವನು ಸತ್ತು ಎರಡು ಚಳಿಗಾಲ ಕಳೆದಿತ್ತು. ಅವಳು ಹೇಳಿದ್ದಂತೆಯೇ ಅವನ ಮನೆಯವರು ಸುದ್ದಿ ಕಳಿಸಿರಲಿಲ್ಲ.

ಅಪ್ಪ ತಲೆ ತಗ್ಗಿಸಿಕೊಂಡು ಚರ್ಚಿನತ್ತ ಹೊರಟ. ಅಮ್ಮ ತೋಳು ಹಿಡಿದು ನಿಲ್ಲಿಸಿದಳು.

"ಬ್ಯಾಡ ಬಿಡು. ಅವನಿಗೆ ಆಗ್ಲೇ ಹೊಡ್ದಾಯ್ತಲ್ಲ."