ಬೆಂಚಿಗೆ ಕೂರಿಸಿದ ಹುಡುಗಿ

ಗುರುಪ್ರಸಾದರು ಭದ್ರಾವತಿ ಬಿಟ್ಟು ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಗೆ ಬಂದಾಗ ಅವರ ಹಿರಿಮಗಳು ಹೇಮಾಕ್ಷಿ ಇನ್ನೂ ಕೈಗೂಸು. ಉಕ್ಕುನಗರಂ ಎಂಬ ಟೌನ್‌ಶಿಪ್ಪಿನಲ್ಲಿ ಅವಳು ಬೆಳೆದಳು. ಬೀದಿಯಲ್ಲಿ ತೆಲುಗು, ಮನೆಯಲ್ಲಿ ಶಿವಮೊಗ್ಗದ ಕಡೆಯ ಕನ್ನಡ. ಬೀಚ್ ಹತ್ತಿರದ ಸಿಮೆಂಟ್ ರಿಂಕಿನಲ್ಲಿ ಚಕ್ರದ ಶೂ ಕಟ್ಟಿಕೊಂಡು ರೋಲರ್ ಹಾಕಿ ಆಟ ಕಲಿತವಳು, ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಲೇಹ್‌ನ ಹೆಪ್ಪುಗಟ್ಟಿದ ಕೆರೆಯ ಮೇಲೆ ಐಸ್ ಹಾಕಿ ಆಡಿ ದೇಶದ ತಂಡಕ್ಕೆ ಆಯ್ಕೆಯಾದಳು. ವರ್ಷವಿಡೀ ಬೆವರು ಸುರಿಯುವ ಊರಿನ ಹುಡುಗಿ ಮಂಜುಗಡ್ಡೆಯ ಆಟ ಆಡುವುದೇ ಎಂದು ಜನ ಬೆರಗಾದರು. ಮುಂದೆ ಕಜಕಿಸ್ತಾನದ ಒಂದು ಕ್ಲಬ್ಬು ಅವಳನ್ನು ಕರೆಸಿಕೊಂಡು ಸಂಬಳ ಕೊಟ್ಟು ಆಡಿಸಿತು. ಟೌನ್‌ಶಿಪ್ಪಿನ ಕನ್ನಡ ಸಂಘದವರು ಶಾಲು ಹೊದಿಸಿ ಸನ್ಮಾನ ಮಾಡಿದರು.

ಆಮೇಲೆ ಬಲಗಾಲಿನ ಮಂಡಿ ಹೋಯಿತು. ಒಂದು ಆಪರೇಷನ್ ಆಯಿತು, ಇನ್ನೊಂದೂ ಆಯಿತು. ಕ್ಲಬ್ಬಿನವರು ಹೂಗುಚ್ಛ ಕೊಟ್ಟು ಕಳಿಸಿದರು. ಮೂವತ್ತಮೂರನೇ ವಯಸ್ಸಿಗೆ ಹೇಮಾಕ್ಷಿ ಅಪ್ಪ ಅಮ್ಮನ ಮನೆಗೆ ವಾಪಸು ಬಂದು, ತಾನು ಕಲಿತ ರಿಂಕಿನಲ್ಲೇ ಹುಡುಗಿಯರಿಗೆ ಕೋಚ್ ಆದಳು. ಕೊರಳಿಗೆ ಸೀಟಿ ನೇತುಹಾಕಿಕೊಂಡು ಗೋಡೆಗೆ ಒರಗಿ ನಿಲ್ಲುವ ಕೆಲಸ ಅವಳಿಗೆ ಮೊದಮೊದಲು ಅಷ್ಟೇನೂ ಕಷ್ಟವೆನಿಸಲಿಲ್ಲ. ಅವಳ ಹತ್ತಿರ ಬರುತ್ತಿದ್ದ ಹುಡುಗಿಯರು ಸಾಧಾರಣ ಆಟದವರು. ಅವರ ಮೇಲೆ ಪ್ರೀತಿ ತೋರಿಸುವುದು ಸುಲಭವಿತ್ತು.

ಅಮೂಲ್ಯ ಬಂದ ಮೇಲೆ ಅದು ಸುಲಭವಾಗಿ ಉಳಿಯಲಿಲ್ಲ.

ಅಮೂಲ್ಯಳ ಅಪ್ಪ ಜಗದೀಶ್ ಕುಮಟಾದ ಕಡೆಯವರು, ನೌಕಾಪಡೆಯ ನೌಕರಿ. ಹುಡುಗಿಗೆ ಆಗ ಹದಿನೈದು. ಎದುರಾಳಿ ಮೈಮೇಲೆ ಬಂದಾಗ ಬಲಗಾಲಿನ ಮೇಲೆ ಭಾರ ಹಾಕಿ, ವೇಗ ಒಂದಿಷ್ಟೂ ಕಡಿಮೆಯಾಗದಂತೆ ಅವಳು ಒಳಕ್ಕೆ ತಿರುಗುತ್ತಿದ್ದಳು. ಹೇಮಾಕ್ಷಿ ತನ್ನ ಇಡೀ ಹೆಸರು ಗಳಿಸಿದ್ದು ಅದೇ ತಿರುವಿನಿಂದ, ಮಂಡಿ ಕಳೆದುಕೊಂಡದ್ದೂ ಅದೇ ತಿರುವಿನಲ್ಲಿ. ಅದನ್ನು ಅವಳು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಈ ಹುಡುಗಿಗೆ ಅದು ಹುಟ್ಟಿನಿಂದಲೇ ಬಂದ ಹಾಗಿತ್ತು. ತನ್ನ ಬೀರುವಿನಿಂದ ಸೀರೆ ಕದ್ದು ಉಟ್ಟುಕೊಂಡು ಯಾರೋ ತನ್ನೆದುರಿಗೇ ಓಡಾಡಿದರೆ ಹೇಗಾದೀತೋ, ಹೇಮಾಕ್ಷಿಗೆ ಹಾಗಾಗುತ್ತಿತ್ತು.

ಟೌನ್‌ಶಿಪ್ಪಿನ ಜನ ಬೇರೆ ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತಿದ್ದರು. "ಥೇಟ್ ನೀನೇ ಕಣೆ. ನಿನಗಿಂತ ಒಂದು ಕೈ ಚುರುಕು," ಎಂದಳು ಪಕ್ಕದ ಮನೆಯ ಜಲಜಾ ಆಂಟಿ. ಹೇಮಾಕ್ಷಿ ನಕ್ಕಳು. ಆ ಸಂಜೆ ಅಮೂಲ್ಯಳನ್ನು ಉಳಿದವರಿಗಿಂತ ಹೆಚ್ಚು ಸುತ್ತು ಓಡಿಸಿದಳು. ಹುಡುಗಿ ಬೆವರು ಒರೆಸಿಕೊಂಡು, "ಇನ್ನೂ ಇದ್ಯಾ ಅಕ್ಕ?" ಎಂದು ಕೇಳಿದಾಗ ಹೇಮಾಕ್ಷಿಗೆ ಅವಳ ಆ ದಣಿವಿಲ್ಲದ ಮೊಣಕಾಲುಗಳನ್ನು ನೋಡಲಾಗಲಿಲ್ಲ.

ಮರುವರ್ಷ ರಾಜ್ಯಮಟ್ಟದ ರೋಲರ್ ಹಾಕಿ ಪಂದ್ಯಗಳು ವಿಜಯವಾಡದಲ್ಲಿ ನಡೆದವು. ಆಟೋನಗರ್‌ನಲ್ಲಿ ಹಳೆಯದೊಂದು ಗೋದಾಮನ್ನು ರಿಂಕ್ ಮಾಡಿದ್ದರು. ಸುತ್ತ ಲಾರಿಗಳ ಬಾಡಿ ಬಡಿಯುವ ಸದ್ದು, ವೆಲ್ಡಿಂಗ್ ಹೊಗೆ. ಫೈನಲ್ಲಿನಲ್ಲಿ ಹೇಮಾಕ್ಷಿಯ ಹುಡುಗಿಯರಿಗೆ ಎದುರಾಗಿ ವಿಜಯವಾಡದ ತಂಡ. ಅದರ ಕೋಚ್ ದುರ್ಗಾಂಬ, ಗಟ್ಟಿ ಹೆಂಗಸು. ಲೇಹ್‌ನ ಐಸ್ ಹಾಕಿ ಶಿಬಿರಕ್ಕೆ ಹುಡುಗಿಯರನ್ನು ಆರಿಸಲು ದೆಹಲಿಯಿಂದ ಒಬ್ಬ ಹಿರಿಯರು ಬಂದಿದ್ದರು. ಹಿಂದೆ ಹೇಮಾಕ್ಷಿಯನ್ನು ಆರಿಸಿದ್ದವರೂ ಅವರೇ.

ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಅವರು ಹೇಮಾಕ್ಷಿಯ ಪಕ್ಕ ಬಂದು ಕೂತರು. "ನಿಮ್ಮ ಅಮೂಲ್ಯಳ ವಿಡಿಯೋ ನೋಡಿದೆ," ಎಂದು ಹಿಂದಿಯಲ್ಲಿ ಹೇಳಿದರು. "ಇಷ್ಟು ವರ್ಷದಲ್ಲಿ ಇಂಥ ಹುಡುಗಿಯನ್ನು ನಾನು ಕಂಡಿಲ್ಲ."

ಅಷ್ಟು ಹೇಳಿ ಅವರು ಪೆಸರಟ್ಟಿಗೆ ಶುಂಠಿ ಚಟ್ನಿ ಹಚ್ಚಿಕೊಂಡು ತಿನ್ನತೊಡಗಿದರು. ಯಾರೊಂದಿಗೆ ಮಾತಾಡುತ್ತಿದ್ದೇನೆ ಎಂಬುದೂ ಅವರಿಗೆ ನೆನಪಿದ್ದಂತಿರಲಿಲ್ಲ. ಹೇಮಾಕ್ಷಿ ತಟ್ಟೆ ಪಕ್ಕಕ್ಕೆ ಸರಿಸಿ ಎದ್ದಳು.

ಪಂದ್ಯ ಶುರುವಾಗುವ ಮುಂಚೆ ಆಡುವವರ ಹೆಸರು ಹೇಳುವಾಗ ಅವಳು ಅಮೂಲ್ಯಳ ಹೆಸರು ಹೇಳಲಿಲ್ಲ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಾನು ಬೆಂಚ್ ಮೇಲೇನಾ ಅಕ್ಕ?"

"ಹೂಂ. ಕೂತ್ಕೋ."

"ಏಮೈಂದಿ, ಏನಾಯ್ತು? ನಾನೇನಾದ್ರೂ ತಪ್ಪು ಮಾಡಿದ್ನಾ?"

"ಕೂತ್ಕೋ ಅಂದ್ನಲ್ಲ."

ಹುಡುಗಿ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಕೂತಳು. ಹಿರಿಯರು ಗ್ಯಾಲರಿಯಲ್ಲಿ ಕತ್ತು ಉದ್ದ ಮಾಡಿ ಹುಡುಕುವುದು ಹೇಮಾಕ್ಷಿಗೆ ಕಾಣುತ್ತಿತ್ತು. ಎಷ್ಟೋ ತಿಂಗಳ ಮೇಲೆ ಅವಳ ಎದೆ ತಣ್ಣಗಾಯಿತು. ಹುಡುಕಲಿ, ಎಂದುಕೊಂಡಳು.

ಆದರೆ ಆಟ ಅವಳು ಎಣಿಸಿದ ಹಾದಿ ಹಿಡಿಯಲಿಲ್ಲ. ದುರ್ಗಾಂಬ ತನ್ನ ಇಬ್ಬರು ಗಟ್ಟಿ ಆಟಗಾರ್ತಿಯರನ್ನು ಅಮೂಲ್ಯಳನ್ನು ಕಟ್ಟಿಹಾಕುವುದಕ್ಕೆಂದೇ ತಯಾರು ಮಾಡಿದ್ದಳು. ಅಮೂಲ್ಯ ಅಂಗಳಕ್ಕೇ ಇಳಿಯದಿದ್ದಾಗ ಆ ಇಬ್ಬರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಇತ್ತ ವಿಶಾಖಪಟ್ಟಣದ ಹುಡುಗಿಯರು, ಪಕ್ ಎಂಬ ಆಟದ ಬಿಲ್ಲೆ ಸಿಕ್ಕಿದ್ದೇ ಅಮೂಲ್ಯಳತ್ತ ತಳ್ಳಿ ಕೈತೊಳೆದುಕೊಳ್ಳುತ್ತಿದ್ದವರು, ಈಗ ವಿಧಿಯಿಲ್ಲದೆ ತಾವೇ ಮುನ್ನುಗ್ಗಿದರು. ವಿರಾಮದ ಹೊತ್ತಿಗೆ ಎರಡೂ ತಂಡ ಸಮಸಮ.

ಆಟ ಮುಗಿಯಲು ಸ್ವಲ್ಪವೇ ಇರುವಾಗ ನಾಯಕಿ ಬಿಂದುವಿನ ಪಾದ ಉಳುಕಿತು. ಬೆಂಚಿನಲ್ಲಿ ಉಳಿದಿದ್ದವಳು ಅಮೂಲ್ಯ ಒಬ್ಬಳೇ. ಹೇಮಾಕ್ಷಿ ಅವಳ ಕಡೆ ತಿರುಗದೆಯೇ ಹೋಗು ಎಂದು ಕೈ ಮಾಡಿದಳು. ದಣಿದು ಏದುಸಿರು ಬಿಡುತ್ತಿದ್ದವರ ನಡುವೆ ದಣಿಯದ ಹುಡುಗಿ ಹಾದುಹೋದಳು, ಬಲಗಾಲಿನ ಮೇಲೆ ತಿರುಗಿದಳು, ಗೋಲು ಹೊಡೆದಳು. ಗ್ಯಾಲರಿಯ ಕೂಗು ನಿಲ್ಲುವ ಮೊದಲೇ ಮತ್ತೊಂದು.

ಪಂದ್ಯ ಮುಗಿದಾಗ ದುರ್ಗಾಂಬ ತಾನಾಗಿ ಬಂದು ಹೇಮಾಕ್ಷಿಯ ಕೈ ಹಿಡಿದುಕೊಂಡಳು. ಅಮೂಲ್ಯಳನ್ನು ಕೊನೆಯವರೆಗೆ ಬಚ್ಚಿಟ್ಟು ಗೆಲ್ಲುವಂಥ ತಲೆ ತನಗೆ ಹತ್ತು ಜನ್ಮಕ್ಕೂ ಬಾರದು ಎಂದು ತೆಲುಗಿನಲ್ಲಿ ಹೊಗಳಿದಳು. ಹಿರಿಯರು, "ಆಡಿದವರು ತುಂಬ ಜನ ಸಿಗುತ್ತಾರೆ. ಯಾರನ್ನು ಯಾವಾಗ ಇಳಿಸಬೇಕೆಂದು ಗೊತ್ತಿರುವವರು ಸಿಗುವುದಿಲ್ಲ," ಎಂದರು. ಲೇಹ್ ಶಿಬಿರಕ್ಕೆ ಅಮೂಲ್ಯಳ ಜೊತೆ ನೀವೂ ಬರಬೇಕು, ಸಹಾಯಕ ಕೋಚ್ ಆಗಿ, ಎಂದು ಅಲ್ಲೇ ಕರೆದರು. ಹೇಮಾಕ್ಷಿ ಎಲ್ಲದಕ್ಕೂ ತಲೆಯಾಡಿಸಿದಳು. ಕಳ್ಳತನದ ಮಾಲು ಕೈಯಲ್ಲಿರುವಾಗಲೇ ಊರೆಲ್ಲ ಸೇರಿ ಹಾರ ಹಾಕಿದಂತೆ ಅವಳಿಗೆ ಮುಜುಗರವಾಯಿತು.

ಮನೆಗೆ ಬಂದಾಗ ತಾಯಿ ಇಂದಿರಮ್ಮ ಅಡುಗೆಮನೆಯಲ್ಲಿದ್ದರು. ಪಂದ್ಯವನ್ನು ಗಂಡನ ಫೋನಿನಲ್ಲಿ ಪೂರ್ತಿ ನೋಡಿದ್ದರು.

"ಪ್ಲಾನ್ ಅಂತೆ," ಎಂದರು, ಹುರುಳಿಕಾಯಿಯ ನಾರು ತೆಗೆಯುತ್ತ.

"ಎಲ್ಲರೂ ಹಾಗೇ ಅಂತಿದಾರೆ."

"ಅನ್ಲಿ. ತಂಗಿಗೆ ಹೊಸ ಸೈಕಲ್ ಕೊಡಿಸಿದಾಗ ಅದರ ಗಾಳಿ ಬಿಟ್ಟು ಬಂದು ನಿಂತಿದ್ಯಲ್ಲ, ಅದೇ ಮುಖ ಫೋನ್‌ನಲ್ಲಿ ಕಾಣಿಸ್ತು ನಂಗೆ. ಕೈಕಾಲು ತೊಳ್ಕೊಂಡು ಬಾ, ಊಟಕ್ಕೆ ಹಾಕ್ತೀನಿ."

ಹೇಮಾಕ್ಷಿ ಅನ್ನ ಕಲಸಿದಳೇ ಹೊರತು ಉಣ್ಣಲಿಲ್ಲ.

ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ಜಗದೀಶ್ ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಕೈಯಲ್ಲಿ ಅನಕಾಪಲ್ಲಿಯ ಬೆಲ್ಲದ ಪೊಟ್ಟಣ. ಕೂತವರು ಮಾತು ಎತ್ತಲು ಒದ್ದಾಡಿದರು.

"ನಂಗೆ ಕಾರವಾರಕ್ಕೆ ಆರ್ಡರ್ ಬಂದದೆ, ಮೇಡಂ. ಇವ್ಳು ಕೇಳೂದೇ ಇಲ್ಲ. ಅಕ್ಕನ್ನ ಬಿಟ್ಟು ಬರೂದಿಲ್ಲ ಅಂತಾಳೆ. ಹಾಸ್ಟೆಲ್ಲು ನಂಗೆ ಮನಸ್ಸಿಲ್ಲ. ನಿಮ್ಮ ಮನೇಲೇ ಒಂದೆರಡು ವರ್ಷ..."

ರಿಂಕಿನಲ್ಲಿ ನೋಡಿ ಉರಿದುಕೊಳ್ಳುವುದು ಸಾಲದೆ ಮನೆಯಲ್ಲೂ ಬೇರೆ! "ಜಗದೀಶ್ ಅವರೇ, ಒಂದು ವಿಷಯ ಗೊತ್ತಿರ್ಲಿ," ಎಂದಳು ಹೇಮಾಕ್ಷಿ. "ವಿಜಯವಾಡದಲ್ಲಿ ಇವಳನ್ನ ಕೂರಿಸಿದ್ದು ಪ್ಲಾನ್ ಅಲ್ಲ. ನನಗೆ ಇವಳ ಮೇಲೆ ಹೊಟ್ಟೆಕಿಚ್ಚು. ಈಗ್ಲೂ ಇದೆ. ಇಲ್ಲಿ ಬಿಡೋ ಮುಂಚೆ ಯೋಚನೆ ಮಾಡಿ."

ಜಗದೀಶ್ ಜೋರಾಗಿ ನಕ್ಕರು. "ದೊಡ್ಡೋರು ಯಾವಾಗ್ಲೂ ತಮ್ಮನ್ನ ಹೀಂಗೇ ಇಳಿಸ್ಕಂಡು ಮಾತಾಡೂದು," ಎಂದು ಕೈಮುಗಿದರು. ಅಮೂಲ್ಯ ನಗಲಿಲ್ಲ. ಹೇಮಾಕ್ಷಿಯನ್ನೇ ನೋಡುತ್ತಿದ್ದಳು. ಇಂದಿರಮ್ಮ ಒಳಗಿನಿಂದ ಬಂದು, "ಇರ್ಲಿ ಬಿಡಿ, ಕಿಟಕಿ ಕಡೆ ರೂಮು ಖಾಲಿನೇ ಇದೆ," ಎಂದುಬಿಟ್ಟರು. ಅದು ಹೇಮಾಕ್ಷಿಯ ತಂಗಿ ಮದುವೆಯಾಗಿ ಹೋದ ಮೇಲೆ ಹೇಮಾಕ್ಷಿ ಕಣ್ಣಿಟ್ಟಿದ್ದ ರೂಮು.

ಅಮೂಲ್ಯ ಬಂದು ಸೇರಿದಳು. ಗುರುಪ್ರಸಾದರು ಅವಳಿಗೆ ಕನ್ನಡ ಅಕ್ಷರ ತಿದ್ದಿಸಿದರು, ಇಂದಿರಮ್ಮ ಬಿಸಿ ಅಕ್ಕಿರೊಟ್ಟಿಯನ್ನು ಮೊದಲು ಅವಳ ತಟ್ಟೆಗೆ ಹಾಕಿದರು. ಅದನ್ನೂ ಹೇಮಾಕ್ಷಿ ಗಮನಿಸಿದಳು. ರಿಂಕಿನಲ್ಲಿ ಅವಳ ಕಣ್ಣು ಹುಡುಗಿಯನ್ನು ಬಿಟ್ಟು ಅತ್ತಿತ್ತ ಹೋಗುತ್ತಿರಲಿಲ್ಲ. ಎಲ್ಲಿ ಎಡವುತ್ತಾಳೆ, ಎಲ್ಲಿ ಸೋಮಾರಿಯಾಗುತ್ತಾಳೆ ಎಂದು ಕಾಯುತ್ತಿದ್ದಳು. ಸಿಕ್ಕಿದ ಕೂಡಲೇ ಹೇಳುತ್ತಿದ್ದಳು, ಹೇಳುವಾಗ ಒಳಗೆ ಒಂದು ಬಗೆಯ ಖುಷಿಯೂ ಆಗುತ್ತಿತ್ತು. ಮಾರನೆಯ ದಿನ ಆ ತಪ್ಪು ಇರುತ್ತಿರಲಿಲ್ಲ. ಖುಷಿಯೂ ಇರುತ್ತಿರಲಿಲ್ಲ.

ಲೇಹ್‌ಗೆ ಹೊರಡುವ ಮುಂಚಿನ ವಾರ, ರಿಂಕಿನ ಮೆಟ್ಟಿಲ ಮೇಲೆ ಶೂ ಬಿಗಿಯುತ್ತ ಅಮೂಲ್ಯ ಹೇಳಿದಳು, "ಅವತ್ತು ನೀವು ಹೇಳಿದ್ದು ನಮ್ಮಪ್ಪ ನಂಬಲಿಲ್ಲ ಅಕ್ಕ. ನಾನು ನಂಬಿದೆ."

ಹೇಮಾಕ್ಷಿ ಅವಳ ಕಡೆ ತಿರುಗಿದಳು. "ಮತ್ತೆ ಯಾಕೆ ಬಂದೆ ನಮ್ಮನೆಗೆ?"

"ಮಿಕ್ಕೋರೆಲ್ಲ ಬಾಗುಂದಿ, ಚೆನ್ನಾಗಿದೆ ಅಂತಾರೆ, ಅಷ್ಟೇ. ನೀವೊಬ್ಬರೇ ನನ್ನ ಒಂದು ತಪ್ಪೂ ಬಿಡಲ್ಲ." ಹುಡುಗಿ ಲೇಸು ಕಟ್ಟಿ ಎದ್ದಳು. "ವಿಜಯವಾಡದಲ್ಲಿ ಆ ದಿನ ನಂಗೆ ಅಳು ಬಂತು. ಹೆಲ್ಮೆಟ್ ಹಾಕಿದ ಮೇಲೆ ಅತ್ತೆ."

ಹೇಮಾಕ್ಷಿ ತಾನೂ ಶೂ ಕಟ್ಟಿಕೊಂಡಳು. ಡಾಕ್ಟರು ಬೇಡವೆಂದಿದ್ದರು. ಸ್ಟಿಕ್ ಹಿಡಿದು ರಿಂಕಿನ ನಡುವೆ ಹೋಗಿ ನಿಂತು, "ಬಾ, ನನ್ನ ದಾಟು ನೋಡೋಣ," ಎಂದಳು.

ಮೊದಲ ಸಲ ಪಕ್ ಕಿತ್ತುಕೊಂಡಳು. ಎರಡನೆಯ ಸಲ ಅಮೂಲ್ಯ ಬಲಗಾಲಿನ ಮೇಲೆ ತಿರುಗಿ, ಗಾಳಿ ಸೋಕಿದಂತೆ ಅವಳ ಪಕ್ಕದಿಂದ ಹಾದುಹೋದಳು. ಹೇಮಾಕ್ಷಿಯ ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಎದ್ದಿತು, ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

"ನಿನ್ನ ಎಡಭುಜ ಮೊದಲೇ ಬಗ್ಗುತ್ತೆ. ಎಲ್ಲಿಗೆ ಹೋಗ್ತೀಯ ಅಂತ ಅದೇ ಹೇಳಿಬಿಡುತ್ತೆ," ಎಂದಳು, ಮಂಡಿ ಉಜ್ಜಿಕೊಳ್ಳುತ್ತ. "ಐಸ್ ಮೇಲೆ ಅದನ್ನ ಯಾರೂ ಬಿಡಲ್ಲ. ವಾಪಸ್ ಹೋಗು, ಇನ್ನೊಂದು ಸಲ ಬಾ."