ಎದೆಗೆ ಯಂತ್ರ ಅಂಟಿಸಿಕೊಂಡು ಅಂಗಡಿಗೆ

ಕೊಂಢವಾ ಬಡಾವಣೆಯಲ್ಲಿ ನಮ್ಮದೊಂದು ಬಣ್ಣದ ಅಂಗಡಿ. ಗಂಡ ತೀರಿಕೊಂಡ ಮೇಲೆ ನಾನೇ ನಡೆಸುತ್ತಿದ್ದೇನೆ. ಒಂದು ಮಧ್ಯಾಹ್ನ ಗಿರಾಕಿಯೊಂದಿಗೆ ಮಾತಾಡುತ್ತಿದ್ದವಳು ಇದ್ದಕ್ಕಿದ್ದಂತೆ ನೆಲಕ್ಕೆ ಬಿದ್ದೆ. ಎಚ್ಚರವಾದಾಗ ಹಣೆ ಒಡೆದಿತ್ತು. ಮುಂದಿನ ತಿಂಗಳು ಮತ್ತೆ ಬಿದ್ದೆ. ಇಸಿಜಿ, ರಕ್ತಪರೀಕ್ಷೆ, ತಲೆಯ ಸ್ಕ್ಯಾನ್, ಎಲ್ಲ ಸರಿಯಾಗಿಯೇ ಇದ್ದವು.

"ಉಪವಾಸ ಭಾಳ ಮಾಡ್ತಿ, ಅದಕ್ಕ ಚಕ್ಕರ್ ಬರ್ತದ. ಅಂಗಡಿ ಮುಚ್ಚಿ ಮನ್ಯಾಗ ಕೂಡು," ಎಂದ ಧಾರವಾಡದಿಂದ ಓಡಿಬಂದ ಅಣ್ಣ. ನಾನು ಉಪವಾಸ ಮಾಡುವವಳೇ ಅಲ್ಲ.

ಹೃದಯದ ಡಾಕ್ಟರು ಬೆಳಗಾವಿ ಕಡೆಯ ಹೆಣ್ಣುಮಗಳು. ನನ್ನ ಎದೆಗೆ ಪಟ್ಟಿಯಂಥ ಪುಟ್ಟ ಯಂತ್ರ ಅಂಟಿಸಿದರು. ಅದು ಹಗಲಿರುಳು ಎದೆಬಡಿತ ದಾಖಲಿಸುತ್ತದೆ. ತಲೆ ಸುತ್ತಿದರೆ ಅದರ ಗುಂಡಿ ಒತ್ತಬೇಕು.

"ಮನ್ಯಾಗ ಮಲಗಬೇಕೇನ್ರಿ?"

"ಬ್ಯಾಡ್ರಿ. ದಿನಾ ಹೆಂಗಿರ್ತೀರಿ ಹಂಗೇ ಇರ್ರಿ. ಸ್ಕೂಟರ್ ಹೊಡೀಬ್ಯಾಡ್ರಿ, ಏಣಿ ಹತ್ತಬ್ಯಾಡ್ರಿ, ಅಷ್ಟೇ."

ಅಣ್ಣ ಮುಖ ಊದಿಸಿಕೊಂಡ. ನಾನು ರಿಕ್ಷಾ ಹಿಡಿದು ಅಂಗಡಿಗೆ ಹೋದೆ. ಬೆವರಿಗೆ ಪಟ್ಟಿಯ ಸುತ್ತ ವಿಪರೀತ ತುರಿಕೆ. ಗಿರಾಕಿಗಳು ದಿಟ್ಟಿಸುತ್ತಿದ್ದರು. ನಾನು ಸೆರಗೆಳೆದು ಮುಚ್ಚಲಿಲ್ಲ.

ಪಟ್ಟಿ ತೆಗೆಯುವ ದಿನ ಬಂತು. ಒಮ್ಮೆಯೂ ತಲೆ ಸುತ್ತಿರಲಿಲ್ಲ, ಯಂತ್ರಕ್ಕೆ ಏನೂ ಸಿಕ್ಕಿರಲಿಲ್ಲ. ಬಿದ್ದಿದ್ದರೇ ಒಳ್ಳೆಯದಿತ್ತು ಎನಿಸಿತು ನನಗೆ.

"ನೋಡು, ಎಲ್ಲಾ ಮನಸಿಂದು," ಎಂದ ಅಣ್ಣ, ಡಾಕ್ಟರ ಎದುರಿಗೇ.

"ಮನಸಿಂದಾದ್ರ ಹಣಿ ಯಾಕ ಒಡೀತು?" ಎಂದೆ. "ಡಾಕ್ಟರ, ಮತ್ತ ಹಚ್ಚರಿ."

ಡಾಕ್ಟರು ಅಣ್ಣನ ಕಡೆ ತಿರುಗಿದರು. "ಸಿಗಲಿಲ್ಲ ಅಂದ್ರ ಇಲ್ಲ ಅಂತ ಅಲ್ರಿ. ಹಿಂಗ ಖಾಲಿ ಕೈಲೆ ಪೇಷಂಟ್ ಕಳಸೂದು ನನಗೂ ಭಾಳ ತ್ರಾಸ ಆಗ್ತದ. ನಾನೂ ಬಿಡೂದಿಲ್ಲ."

ಈ ಸಲ ಹಚ್ಚಿದ ಯಂತ್ರ ಮೊಬೈಲಿನ ಮೂಲಕ ಕೂಡಲೇ ಆಸ್ಪತ್ರೆಗೆ ಸುದ್ದಿ ಮುಟ್ಟಿಸುವಂಥದ್ದು. ಒಂದು ದಿನ ಗಿರಾಕಿಗೆ ಬಣ್ಣದ ಕಾರ್ಡು ತೋರಿಸುತ್ತಿದ್ದಾಗ ಕಣ್ಣು ಕತ್ತಲಿಟ್ಟಿತು. ಗುಂಡಿ ಒತ್ತಿ ನೆಲದ ಮೇಲೇ ಕುಳಿತೆ. ಆಮೇಲಿನದು ನೆನಪಿಲ್ಲ. ಎದ್ದಾಗ ಫೋನು ಬಡಿದುಕೊಳ್ಳುತ್ತಿತ್ತು.

"ಸಿಕ್ತ್ರಿ!" ಎಂದರು ಡಾಕ್ಟರು. ಮರುಗಳಿಗೆಯೇ ದನಿ ತಗ್ಗಿಸಿದರು. "ಖುಷಿ ಪಡೂ ಸುದ್ದಿ ಅಲ್ರಿ. ನಿಮ್ಮ ಎದಿಬಡಿತ ನಡುವ ಸ್ವಲ್ಪ ಹೊತ್ತು ನಿಂತಿತ್ತು. ಯಾರನ್ನರ ಕರಕೊಂಡು ಈಗಿಂದೀಗ ಬರ್ರಿ."

ನನಗಂತೂ ಖುಷಿಯೇ ಆಗಿತ್ತು.

ಎದೆಬಡಿತ ನಿಲ್ಲದಂತೆ ಕಾಯುವ ಪೇಸ್‌ಮೇಕರನ್ನು ಎದೆಯ ಎಡಭಾಗದಲ್ಲಿ ಚರ್ಮದಡಿ ಕೂಡಿಸಿದರು. ಮನೆಗೆ ಬಂದ ದಿನ ಅಣ್ಣ ಮೆಲ್ಲಗೆ ಕೇಳಿದ: "ಇನ್ನರ ಮನ್ಯಾಗ ಕೂಡ್ತಿ ಹೌದಿಲ್ಲೋ?"

"ಮನ್ಯಾಗ ಕೂಡ್ಲಿಕ್ಕ ಇಷ್ಟೆಲ್ಲಾ ಮಾಡಿಸ್ಕೊಂಡೆನೇನೋ ಅಣ್ಣಾ?"

ಗಾಯ ಮಾಗುವವರೆಗೆ ಎಡಗೈ ಮೇಲೆತ್ತಬಾರದೆಂದು ಡಾಕ್ಟರು ಹೇಳಿದ್ದರು. ಮುಂದಿನ ವಾರ ಬಲಗೈಯಿಂದಲೇ ಅಂಗಡಿಯ ಬೀಗ ತೆಗೆದೆ. ಷಟರನ್ನು ಅಣ್ಣ ಎತ್ತಿದ, ಗೊಣಗುತ್ತಲೇ.